ಕರೆಂಟು ಹೋದರೂ

ಫ್ಯೂಸಿನ ಡಬ್ಬಿಯ ಮುಚ್ಚಳ ಕೂರಲಿಲ್ಲ. ಅದನ್ನು ತಯಾರಿಸಿದವನು ಮೂರ್ಖ, ಮಾರಿದವನು ಅವನಿಗಿಂತ ದೊಡ್ಡ ಮೂರ್ಖ, ಇಂಥವರನ್ನು ಹೊತ್ತುಕೊಂಡು ಈ ಪ್ರಪಂಚ ಇಲ್ಲಿಯವರೆಗೆ ಉರುಳಿ ಬಂದದ್ದೇ ಒಂದು ಪವಾಡ ಎಂದು ಅವನು ಊಟದ ಮೇಜಿನ ಮುಂದೆ ಕೂತು ತೀರ್ಮಾನಿಸಿದ. ಆಮೇಲೆ ನೋಡಿದರೆ ಮುಚ್ಚಳವನ್ನು ತಾನೇ ತಲೆಕೆಳಗಾಗಿ ಹಿಡಿದಿದ್ದ. ತಿರುಗಿಸಿದ ಕೂಡಲೇ ಅದು ಟಕ್ಕನೆ ಕೂತಿತು. ಆದರೆ ಒಮ್ಮೆ ಕೊಟ್ಟ ತೀರ್ಪನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. ಮೇಜಿನ ಮೇಲೆ ಮರದ ಪೆಟ್ಟಿಗೆ, ಅದರೊಳಗೆ ಇಟ್ಟಿಗೆಯಂತೆ ಬಿಗಿದು ಕೂತ ಲಿಥಿಯಂ ಬ್ಯಾಟರಿ, ಪಕ್ಕದಲ್ಲಿ ಚಾರ್ಜರು, ಹನ್ನೆರಡು ವೋಲ್ಟನ್ನು ಇಪ್ಪತ್ನಾಲ್ಕಕ್ಕೆ ಏರಿಸುವ ಅಂಗೈಯಗಲದ ಕನ್ವರ್ಟರು. ಎರಡು ತಿಂಗಳ ಭಾನುವಾರಗಳೆಲ್ಲ ಇದರೊಳಗೆ ಹೋಗಿದ್ದವು. ಬೀದಿಯಲ್ಲಿ ಕರೆಂಟಿನ ತಂತಿಗಳನ್ನು ನೆಲದಡಿಗೆ ಇಳಿಸುವ ಕೆಲಸ ಶುರುವಾದಾಗಿನಿಂದ ರಾತ್ರಿ ಹತ್ತರ ಮೇಲೆ ಯಾವಾಗ ಬೇಕಾದರೂ ಕರೆಂಟು ಹೋಗುತ್ತಿತ್ತು. ಕರೆಂಟು ಹೋದರೆ ಹೆಂಡತಿಯ ಉಸಿರಿನ ಮಿಷನ್ನು ನಿಲ್ಲುತ್ತಿತ್ತು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಕಟ್ಟುವ ಕಾಯಿಲೆ ಅವಳದು. ಮೂಗಿಗೆ ಮಾಸ್ಕು ಹಾಕಿಕೊಂಡು, ಮಿಷನ್ನು ರಾತ್ರಿಯಿಡೀ ಗಾಳಿ ಒತ್ತುತ್ತಿದ್ದರೆ ಮಾತ್ರ ಗಂಟಲು ತೆರೆದಿರುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಅವಳು ಎರಡು ತಿಂಗಳಿಂದ ದಿನಾ ಸಂಜೆ ಮಿಷನ್ನನ್ನು ಚೀಲಕ್ಕೆ ಹಾಕಿಕೊಂಡು ತಂಗಿಯ ಮನೆಗೆ ಹೋಗಿ ಮಲಗುತ್ತಿದ್ದಳು, ಭಾನುವಾರಗಳಲ್ಲಿ ಹಗಲೂ ಅಲ್ಲೇ ಇರುತ್ತಿದ್ದಳು. ಇವತ್ತು ಬಂದು, ಊಟ ಮಾಡಿ, ಮಧ್ಯಾಹ್ನ ಎರಡು ಗಂಟೆ ಹೊತ್ತು ಈ ಬ್ಯಾಟರಿಯಿಂದ ಮಿಷನ್ನು ಓಡಿಸಿ ಮಲಗಿ ನೋಡುತ್ತೇನೆ ಎಂದಿದ್ದಳು. ಸರಿಹೋದರೆ ಇವತ್ತಿನಿಂದ ಮತ್ತೆ ಇಲ್ಲೇ. ಸರಿಹೋಗದೆ ಏನು, ಎಂದು ಅವನು ಮೂಗು ಮುರಿದ.

ತಂಗಿಯ ಗಂಡ ಲಿಫ್ಟ್ ಕಂಪನಿಯಲ್ಲಿ ಮ್ಯಾನೇಜರು. ಮನುಷ್ಯರನ್ನು ಮೇಲಕ್ಕೂ ಕೆಳಕ್ಕೂ ಕಳಿಸುವ ಕೆಲಸಕ್ಕೆ ಟೈ ಕಟ್ಟಿಕೊಂಡು ಹೋಗುವ ಷಡ್ಡಕನನ್ನು ಅವನು ಮನಸ್ಸಿನೊಳಗೆ ಕಿಲೋವ್ಯಾಟ್ ಎಂದು ಕರೆಯುತ್ತಿದ್ದ. 'ನಮ್ಮ ಬಿಲ್ಡಿಂಗಲ್ಲಿ ಫುಲ್ ಬ್ಯಾಕಪ್ ಭಾವ, ಅತ್ತಿಗೆ ಎಷ್ಟು ದಿನ ಬೇಕಾದ್ರೂ ಇರ್ಲಿ' ಎಂದು ಫೋನಿನಲ್ಲಿ ಹೇಳುವಾಗ ಆ ದನಿಯಲ್ಲಿ ಉಪಕಾರದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಜನರೇಟರು ಇಟ್ಟುಕೊಂಡದ್ದೇ ಒಂದು ಗುಣ ಎನ್ನುವ ಹಾಗೆ. ಇವನ ಕಟ್ಟಡದ ಕಾವಲುಗಾರನಂತೂ ಒಂದು ವಾರ ನೋಡಿ, ಎರಡನೆಯ ವಾರ ತಡೆಯಲಾರದೆ, 'ಅಮ್ಮಾವ್ರಿಗೆ ನೈಟ್ ಡ್ಯೂಟಿ ಬಂತಾ ಸಾರ್?' ಎಂದು ಕೇಳಿಬಿಟ್ಟಿದ್ದ. ಹೌದು ಎಂದಿದ್ದ ಅವನು. ಒಂದು ಸುಳ್ಳಿಗೆ ಇನ್ನೊಂದು ಜೋಡಿ ಬೇಕಾಗುತ್ತದೆ, ಯಾವ ಕಡೆ ಕೆಲಸ ಎಂದು ಕೇಳಿದರೆ ಆಸ್ಪತ್ರೆಯಲ್ಲಿ ಎಂದೂ ಹೇಳಿದ. ಮರುದಿನ ಕಾವಲುಗಾರ ತನ್ನ ಮಂಡಿನೋವಿನ ಬಗ್ಗೆ ಅವಳನ್ನು ವಿಚಾರಿಸಿದನಂತೆ. ಅವಳು ಅದನ್ನು ಬಂದು ಹೇಳಿದಾಗ ನಗಲಿಲ್ಲ, ಬೈಯಲೂ ಇಲ್ಲ. 'ಸಾಸಿವೆ ಎಣ್ಣೆ ಹಚ್ಚು ಅಂದೆ' ಎಂದಳು ಅಷ್ಟೆ. ಅವಳ ಈ ಅಷ್ಟೆಯೇ ಅವನಿಗೆ ಆಗಿಬರುತ್ತಿರಲಿಲ್ಲ. ಜಗಳಕ್ಕೆ ಬಂದರೆ ಗೆಲ್ಲಬಹುದು, ಜಗಳಕ್ಕೇ ಬಾರದವರನ್ನು ಏನು ಮಾಡುವುದು.

ಬ್ಯಾಟರಿ ಅಂಗಡಿಯವನು ಕೂಡ ಹೀಗೇ ಒಬ್ಬ. ಅವನ ಮುಂದೆ ತಾನು ಎರಡು ಹಾಳೆಯ ತುಂಬ ನಕ್ಷೆ ಬರೆದುಕೊಂಡು ಹೋಗಿ ನಿಂತಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ದೊಡ್ಡ ಬ್ಯಾಟರಿ, ಅದಕ್ಕೆ ಮನೆಗೆ ಹಾಕುವ ಇನ್ವರ್ಟರು, ಇನ್ವರ್ಟರಿಗೆ ಮಿಷನ್ನಿನ ಅಡಾಪ್ಟರು. ಗೆರೆ ಎಳೆದದ್ದು ಸ್ಕೇಲು ಹಿಡಿದು. ಕೈಗೆಲ್ಲ ಗ್ರೀಸು ಮೆತ್ತಿಕೊಂಡ ಆ ಮನುಷ್ಯ ಹಾಳೆಯನ್ನು ಬೆರಳಿನ ತುದಿಯಲ್ಲಿ ಹಿಡಿದು ನೋಡಿ, 'ಸಾರ್, ಬ್ಯಾಟರೀಲಿ ಇರೋದು ಡಿಸಿ. ನಿಮ್ಮ ಮಿಷನ್ ಒಳಗೆ ಓಡೋದೂ ಡಿಸಿ. ಮಧ್ಯ ಅದನ್ನ ಎಸಿ ಮಾಡಿ ಮತ್ತೆ ಡಿಸಿ ಮಾಡೋದು ಯಾಕೆ? ಸುತ್ತಿ ಬಳಸಿ ಮೂಗು ಹಿಡಿಯೋದು ಅಂದ್ರೆ ಇದೇ. ದಾರೀಲೇ ಅರ್ಧ ಕರೆಂಟು ಬಿಸಿಯಾಗಿ ಹೋಗುತ್ತೆ' ಎಂದ. ಸಾಮಾನು ಕೊಳ್ಳಲು ಬಂದಿದ್ದ ಇನ್ನಿಬ್ಬರು ಕತ್ತು ಚಾಚಿ ಹಾಳೆ ನೋಡಿದರು. 'ನನಗೂ ಗೊತ್ತು, ನಿಮಗೆ ಗೊತ್ತಿದೆಯಾ ಅಂತ ನೋಡಿದೆ' ಎಂದುಬಿಟ್ಟ ಇವನು. ಅಂಗಡಿಯವನು ತಲೆಯಾಡಿಸಿ, ನಂಬಿದವನ ಹಾಗೆ ನಟಿಸಿ, ಸರಿಯಾದ ಕನ್ವರ್ಟರನ್ನು ತೆಗೆದುಕೊಟ್ಟ. 'ನೀರು ಬಿಸಿ ಮಾಡೋ ಡಬ್ಬಿ ಇರುತ್ತಲ್ಲ ಮಿಷನ್ನಲ್ಲಿ, ಅದನ್ನ ಆಫ್ ಮಾಡಿಸಿ. ಗಾಳಿಗಿಂತ ಅದೇ ಜಾಸ್ತಿ ತಿನ್ನುತ್ತೆ. ಯಾರಿಗೆ ಸಾರ್, ಅಮ್ಮನಿಗಾ?' ಹೆಂಡತಿಗೆ ಎಂದ. ಆ ಮನುಷ್ಯ ಕೈ ಒರೆಸಿಕೊಂಡು, 'ಹಾಗಾದ್ರೆ ಫ್ಯೂಸು ಒಳ್ಳೇದೇ ಹಾಕಿ' ಎಂದು ಕಪಾಟಿನ ಹಿಂದಿನಿಂದ ಬೇರೆಯದೊಂದನ್ನು ಹುಡುಕಿ ತಂದ. ಅನಕ್ಷರಸ್ಥನ ಅಧಿಕಪ್ರಸಂಗ ಎಂದುಕೊಂಡು ಅವನು ಹೊರಬಂದಿದ್ದ. ಮುಚ್ಚಳ ತಲೆಕೆಳಗಾಗಿದ್ದದ್ದು ಆ ಫ್ಯೂಸಿನದೇ.

ಹನ್ನೊಂದೂವರೆಗೆ ಅವಳು ಬಂದಳು. ಬೀಗದ ಕೈ ತನ್ನ ಬಳಿಯೇ ಇದ್ದರೂ ಕರೆಗಂಟೆ ಒತ್ತಿದಳು. ಇದನ್ನು ಅವನು ಗಮನಿಸಿದ. ಚಪ್ಪಲಿ ಬಿಟ್ಟು, ಮಿಷನ್ನಿನ ಚೀಲವನ್ನು ಕುರ್ಚಿಯ ಮೇಲಿಟ್ಟು, ಮನೆಯನ್ನು ಒಂದು ಸುತ್ತು ಕಣ್ಣಲ್ಲೇ ಗುಡಿಸಿದಳು. ಅಡುಗೆಮನೆಯ ಸಿಂಕಿನ ಲೋಟಗಳು, ಕಿಟಕಿಯ ಧೂಳು, ಮೇಜಿನ ಮೇಲಿನ ವೈರಿನ ಚೂರುಗಳು, ಯಾವುದರ ಬಗ್ಗೆಯೂ ಮಾತಾಡಲಿಲ್ಲ.

'ಇದೇನಾ?' ಎಂದಳು.

'ಇನ್ನೇನು, ಆನೆ ಕಟ್ಟಿರ್ತೀನಿ ಅಂದ್ಕೊಂಡಿದ್ಯಾ?'

'ಪೆಟ್ಟಿಗೆ ಚೆನ್ನಾಗಿದೆ. ಮರಗೆಲಸದವರ ಹತ್ರ ಮಾಡಿಸಿದ್ರಾ?'

'ನಾನೇ ಮಾಡಿದ್ದು.'

ಅವಳು ಪೆಟ್ಟಿಗೆಯ ಅಂಚಿನ ಮೇಲೆ ಬೆರಳಾಡಿಸಿದಳು. ಸಿಬಿರು ಏಳದಂತೆ ಅವನು ಮೂರು ಸಲ ಉಜ್ಜಿದ್ದ. ಆಮೇಲೆ ಅವಳು ತಂಗಿ ಕಟ್ಟಿಕೊಟ್ಟಿದ್ದ ಊಟದ ಡಬ್ಬಿ ಬಿಚ್ಚಿದಳು. ಇಬ್ಬರೂ ತಿಂದರು. ತಿನ್ನುವಾಗ ಅವನು ವಿವರಿಸಿದ. ರೇಡಿಯೋ ನಿಲಯದಲ್ಲಿ ಮೂವತ್ತು ವರ್ಷ ಸಂಕಲನದ ಕೋಣೆಯಲ್ಲಿ ಕೂತವನು ಅವನು. ಮಾತಾಡುವವರ ತೊದಲು, ಕೆಮ್ಮು, ಆ ಆ ಎಂಬ ಎಳೆತ, ಎಲ್ಲವನ್ನೂ ಕತ್ತರಿಸಿ ಎಸೆಯುವುದೇ ಕೆಲಸ. ಆಫೀಸಿನಲ್ಲಿ ಅವನಿಗೆ ಕತ್ತರಿ ಎಂದೇ ಹೆಸರು. ದೊಡ್ಡ ದೊಡ್ಡ ವಿದ್ವಾಂಸರು ಬಂದು ಮೈಕಿನ ಮುಂದೆ ಕೂತು ಮೀನಿನ ಹಾಗೆ ಬಾಯಿ ಬಿಡುವುದನ್ನೂ, ಒಂದು ವಾಕ್ಯ ಮುಗಿಸಲು ಮೂರು ಸಲ ಉಸಿರು ಎಳೆಯುವುದನ್ನೂ ಗಾಜಿನ ಈಚೆಯಿಂದ ನೋಡಿ ನೋಡಿ ಅವನಿಗೆ ಮನುಷ್ಯಜಾತಿಯ ಮೇಲಿನ ಗೌರವವೇ ಹೋಗಿತ್ತು. ಅವರನ್ನು ಬುದ್ಧಿವಂತರಾಗಿ ಕೇಳಿಸುವ ಹಾಗೆ ಮಾಡಿದ್ದು ತಾನು. ಹಾಗಾಗಿ ತಾನು ಮಾತಾಡುವಾಗ ಒಂದೂ ತೊದಲಿಲ್ಲದಂತೆ, ಪುಸ್ತಕ ಓದಿದಂತೆ ಹೇಳುತ್ತಿದ್ದ. ಮಿಷನ್ನು ಯಾವಾಗಲೂ ಬ್ಯಾಟರಿಯಿಂದಲೇ ಓಡುತ್ತದೆ, ಬ್ಯಾಟರಿಯನ್ನು ಚಾರ್ಜರು ತುಂಬುತ್ತಲೇ ಇರುತ್ತದೆ, ಆದ್ದರಿಂದ ಕರೆಂಟು ಹೋದರೂ ಮಿಷನ್ನಿಗೆ ಅದು ಹೋಯಿತೆಂದೇ ತಿಳಿಯುವುದಿಲ್ಲ, ರೆಪ್ಪೆ ಮಿಟುಕಿಸುವಷ್ಟು ಹೊತ್ತು ಕೂಡ ಗಾಳಿ ನಿಲ್ಲುವುದಿಲ್ಲ, ಎರಡು ರಾತ್ರಿ ನಡೆಯುತ್ತದೆ.

'ಮುಗಿದ್ರೆ ಗೊತ್ತಾಗೋದು ಹೇಗೆ?' ಎಂದಳು ಅವಳು.

ಒಳ್ಳೆಯ ಪ್ರಶ್ನೆ. ಅದನ್ನು ಅವನು ಯೋಚಿಸಿರಲಿಲ್ಲ. 'ಮುಗಿಯಲ್ಲ ಅಂತ ಹೇಳ್ತಾ ಇದೀನಲ್ಲ, ಕಿವಿ ಎಲ್ಲಿಟ್ಟಿದೀಯಾ' ಎಂದ. ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಅವಳು ಒಳಗೆ ನಲ್ಲಿ ಬಿಟ್ಟಿದ್ದಾಗ, ಬ್ಯಾಟರಿ ಇಳಿದರೆ ಕೂಗುವ ಸಣ್ಣ ಬಜರ್ ಒಂದನ್ನು ಹಾಕಬಹುದು ಎಂದು ಚೀಟಿಯ ಮೇಲೆ ಗುಟ್ಟಾಗಿ ಬರೆದುಕೊಂಡ.

ಎರಡು ಗಂಟೆಗೆ ಅವಳು ಮಲಗುವ ಕೋಣೆಗೆ ಹೋದಳು. ಅವನು ಪೆಟ್ಟಿಗೆಯನ್ನು ಎತ್ತಿ ತಂದು ಮಂಚದ ಪಕ್ಕ ಇಟ್ಟ. ಸೊಂಟ ಚುಳ್ ಎಂದಿತು. ಮಾಸ್ಕಿನ ಪಟ್ಟಿಯನ್ನು ಅವಳು ತಲೆಯ ಹಿಂದೆ ತಾನೇ ಬಿಗಿದುಕೊಂಡಳು. ಅದನ್ನು ಹಾಕಿದಾಗ ಅವಳ ಮುಖ ಅವಳದಲ್ಲ ಎನ್ನಿಸಿ ಅವನು ಯಾವಾಗಲೂ ಬೇರೆ ಕಡೆ ನೋಡುತ್ತಿದ್ದ. ಇವತ್ತೂ ಹಾಗೇ ಮಾಡಿದ. ಹೊರಗೆ ಹೋಗಿ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿದ. ಫ್ರಿಜ್ಜು ಗೊರ್ ಎಂದು ಸುಮ್ಮನಾಯಿತು, ಫ್ಯಾನು ನಿಧಾನಕ್ಕೆ ನಿಂತಿತು, ಮಿಷನ್ನು ಮಾತ್ರ ತನ್ನ ಪಾಡಿಗೆ ತಾನು ಉಸಿರಾಡುತ್ತಿತ್ತು. ಕಿಲೋವ್ಯಾಟ್ ಇದನ್ನು ನೋಡಬೇಕಿತ್ತು. ಅವನು ಕುರ್ಚಿ ಎಳೆದುಕೊಂಡು ಮಂಚದ ಎದುರು ಕೂತ. ತೊಡೆಯ ಮೇಲೆ ನೋಟ್‌ಬುಕ್ಕು, ಕೈಯಲ್ಲಿ ಮೀಟರು. ಹತ್ತು ನಿಮಿಷಕ್ಕೊಮ್ಮೆ ವೋಲ್ಟೇಜು ಬರೆದ.

ಅವಳ ಎದೆ ಏರಿತು, ಇಳಿಯಿತು. ಬೆವರಿನಿಂದ ಕತ್ತಿನ ಹತ್ತಿರ ರವಿಕೆ ಒದ್ದೆಯಾಗಿತ್ತು. ಈ ಕತ್ತೇ ಎಲ್ಲಕ್ಕೂ ಕಾರಣ, ದಪ್ಪ ಕತ್ತಿನವರಿಗೆ ಈ ಕಾಯಿಲೆ ಜಾಸ್ತಿ ಎಂದು ಓದಿದ್ದ. ತಿನ್ನುವುದರಲ್ಲಿ ಹಿಡಿತವಿಲ್ಲ, ನಡೆಯುವುದಿಲ್ಲ, ಲೈಬ್ರರಿಯ ಮೇಜಿನ ಹಿಂದೆ ಇಪ್ಪತ್ತು ವರ್ಷ ಕೂತು ಕೂತು ಹೀಗಾದಳು. ಅಲ್ಲೇ ತೂಕಡಿಸಿ ಮೇಲಧಿಕಾರಿಯಿಂದ ಮೆಮೊ ತಗೊಂಡಳು. ಆ ಮೆಮೊವನ್ನು ಅವನು ಊಟಕ್ಕೆ ಕೂತಾಗ ವಾರ್ತೆ ಓದುವವರ ದನಿಯಲ್ಲಿ ಓದಿ ಹೇಳಿದ್ದ. ಅವಳು ನಕ್ಕಿದ್ದಳು. ಅವಳ ತಾಯಿಯ ಎಪ್ಪತ್ತೈದನೆಯ ಹುಟ್ಟುಹಬ್ಬದ ದಿನವೂ ನಕ್ಕಿದ್ದಳು. ಕಿಲೋವ್ಯಾಟಿನ ಮನೆಯ ದೊಡ್ಡ ಹಾಲ್, ನಲವತ್ತು ಜನ. ಅಳಿಯಂದಿರು ಏನಾದರೂ ತಮಾಷೆ ಮಾಡಬೇಕು ಎಂದಾಗ ಕಿಲೋವ್ಯಾಟ್ ಹಾಡಿದ, ಅದೂ ಅಪಸ್ವರದಲ್ಲಿ. ಇವನು ಎದ್ದು ಸ್ಪೀಕರಿಗೆ ತನ್ನ ಫೋನು ಜೋಡಿಸಿ, 'ಈಗ ನಮ್ಮ ಮನೆಯ ಗಿರಣಿಯಿಂದ ನೇರ ಪ್ರಸಾರ' ಎಂದ. ಹೆಂಡತಿ ಮಲಗಿದ್ದಾಗ ಹಿಡಿದಿಟ್ಟ ಎರಡು ನಿಮಿಷದ ಗೊರಕೆ. ಏರುವುದು, ಸೀಳುವುದು, ಕುದುರೆ ಕೆನೆಯುವುದು, ಬಾಗಿಲ ಕೀಲು ಕಿರುಗುಟ್ಟುವುದು, ಒಂದರ ಬೆನ್ನಿಗೆ ಒಂದು. ಜನ ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಆ ಮನೆಯ ಮಕ್ಕಳು ಅವಳನ್ನು ಗಿರಣಿ ದೊಡ್ಡಮ್ಮ ಎಂದೇ ಕರೆದರು. ಅಷ್ಟು ಚೆನ್ನಾಗಿ ಬಂದದ್ದು ಸುಮ್ಮನೆ ಅಲ್ಲ. ಮೂಲ ಧ್ವನಿಮುದ್ರಣ ಒಂದು ಗಂಟೆಯದು, ನಡುನಡುವೆ ಬೇಕಾದಷ್ಟು ಖಾಲಿ ಜಾಗ. ಒಂದು ಗೊರಕೆ, ಆಮೇಲೆ ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಒಮ್ಮೆಲೇ ಗಕ್ಕನೆ ಇನ್ನೊಂದು. ಖಾಲಿ ಜಾಗದಲ್ಲಿ ಯಾರು ನಗುತ್ತಾರೆ. ಅವನು ಅದನ್ನೆಲ್ಲ ಕತ್ತರಿಸಿ ತೆಗೆದಿದ್ದ.

ನಾಲ್ಕು ವರ್ಷದ ಮೇಲೆ ಡಾಕ್ಟರು, ತನ್ನ ಅರ್ಧ ವಯಸ್ಸಿನ ಹೆಂಗಸು, ಕನ್ನಡಕದ ಮೇಲಿನಿಂದ ನೋಡಿ, 'ನಿದ್ದೇಲಿ ಉಸಿರು ನಿಲ್ತಾ ಇದ್ದದ್ದನ್ನ ನೀವು ಗಮನಿಸಿಲ್ವಾ? ಪಕ್ಕದಲ್ಲಿ ಮಲಗೋರಿಗೆ ಮೊದಲು ಗೊತ್ತಾಗೋದು' ಎಂದು ಕೇಳಿದಾಗ ಅವನು ಇಲ್ಲ ಎಂದ. ಮರುದಿನ ಆಫೀಸಿಗೆ ಹೋಗಿ, ಬಾಗಿಲು ಹಾಕಿಕೊಂಡು, ಹಳೆಯ ಮೂಲ ಧ್ವನಿಮುದ್ರಣವನ್ನು ತೆರೆದ. ಕೆಲಸದವನಿಗೆ ಅಳತೆ ಗೊತ್ತು. ಇಪ್ಪತ್ತೆರಡು ಸೆಕೆಂಡು. ಮೂವತ್ತೊಂದು. ಒಂದು ಕಡೆ ನಲವತ್ತಾರು. ಅಷ್ಟು ಹೊತ್ತು ತಾನೂ ಉಸಿರು ಹಿಡಿದು ನೋಡಿದ, ಆಗಲಿಲ್ಲ. ಅವಳು ಸಾಯುತ್ತಿದ್ದಳು, ತಾನು ಬೋರಾಗುತ್ತದೆಂದು ಅದನ್ನು ಕತ್ತರಿಸಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಮಧ್ಯಾಹ್ನ ಒಬ್ಬ ನಿವೃತ್ತ ಅಧಿಕಾರಿಯ ಭಾಷಣ ಸಂಕಲನಕ್ಕೆ ಬಂದಿತ್ತು. ಒಂದು ಉಸಿರನ್ನೂ ತೆಗೆಯಲು ಅವನಿಗೆ ಕೈ ಬರಲಿಲ್ಲ. ಭಾಷಣ ಹಾಗೇ ಪ್ರಸಾರವಾಗಿ, ನಿಲಯದ ನಿರ್ದೇಶಕರು ಕರೆದು, 'ಏನ್ರೀ ಕತ್ತರಿ, ಮೊಂಡಾಯ್ತಾ?' ಎಂದು ನಾಲ್ಕು ಜನರ ಮುಂದೆ ಕೇಳಿದರು. ಈ ಯಾವುದನ್ನೂ ಹೆಂಡತಿಗೆ ಹೇಳಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅವಳು ಚಮಚ ಎಲ್ಲೋ ಇಟ್ಟಿರುತ್ತಿದ್ದಳು, ಬಾಗಿಲ ಚಿಲಕ ಹಾಕಿರುತ್ತಿರಲಿಲ್ಲ. ಅವನು ಅದಕ್ಕೆ ಬೈಯುತ್ತಿದ್ದ. ಬೈದ ಮೇಲೆ ತಪ್ಪೊಪ್ಪಿಗೆಗೆ ಜಾಗ ಇರುವುದಿಲ್ಲ.

ಮೂರೂವರೆ. ವೋಲ್ಟೇಜು ಇಳಿದೇ ಇಲ್ಲ ಎನ್ನುವಷ್ಟು ಕಡಿಮೆ ಇಳಿದಿತ್ತು. ಅವಳ ಎದೆ ಒಂದೇ ಸಮನೆ ಏರಿ ಇಳಿಯುತ್ತಿತ್ತು. ಒಂದೂವರೆ ಗಂಟೆಯೂ ಗಂಟಲಿನಿಂದ ಒಂದು ಸದ್ದಿಲ್ಲ, ಒಂದು ತಡೆಯಿಲ್ಲ. ಇಷ್ಟು ನಯವಾದ ನಿದ್ದೆಯನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. ಮೀಟರನ್ನು ತೊಡೆಯ ಮೇಲಿಟ್ಟು ಅವಳನ್ನೇ ನೋಡಿದ. ತನಗಾಗುತ್ತಿರುವುದು ಹೆಮ್ಮೆಯೇ ಇರಬೇಕು ಎಂದುಕೊಂಡ. ಇವತ್ತು ಹೇಳಿಬಿಡುತ್ತೇನೆ. ಎದ್ದ ಮೇಲೆ ಕಾಫಿ ಮಾಡಿಕೊಟ್ಟು, ಎದುರು ಕೂತು, ನೋಡು, ನಾನು ಒಂದು ಕತ್ತೆ, ಎಂದು ಶುರುಮಾಡುತ್ತೇನೆ. ಆ ವಾಕ್ಯವನ್ನು ಎರಡು ಮೂರು ಬಗೆಯಲ್ಲಿ ತಿದ್ದಿದ. ಕತ್ತೆ ಎನ್ನುವುದು ಸ್ವಲ್ಪ ಹೆಚ್ಚಾಯಿತು ಎನ್ನಿಸಿ ತೆಗೆದ.

ನಾಲ್ಕಕ್ಕೆ ಅವಳು ತಾನಾಗಿಯೇ ಎದ್ದು ಕೂತು ಮಾಸ್ಕು ಬಿಚ್ಚಿದಳು. ಮೂಗಿನ ಎರಡೂ ಬದಿಯಲ್ಲಿ ಕೆಂಪು ಗೆರೆ ಮೂಡಿತ್ತು. ಅವನು ಮಿಷನ್ನಿನ ಪುಟ್ಟ ಪರದೆಯನ್ನು ಒತ್ತಿದ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಎಂದು ಅದು ತೋರಿಸುತ್ತದೆ.

'ನೋಡು' ಎಂದ. 'ಸೊನ್ನೆ. ನಿನ್ನ ತಂಗಿ ಮನೇಲಿ ಯಾವತ್ತಾದ್ರೂ ಸೊನ್ನೆ ಬಂದಿದ್ಯಾ?'

'ಇಲ್ಲ. ಅಲ್ಲಿ ಎರಡು, ಮೂರು ಬರುತ್ತೆ.'

'ಮತ್ತೆ?'

ಅವಳು ಮಾಸ್ಕಿನ ಪಟ್ಟಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. 'ನಾನು ನಿದ್ದೆ ಮಾಡ್ಲಿಲ್ಲರೀ' ಎಂದಳು.

'ಏನು?'

'ಎಚ್ಚರವಾಗೇ ಇದ್ದೆ. ಎಚ್ಚರ ಇದ್ದೋರಿಗೆ ಉಸಿರು ನಿಲ್ಲಲ್ಲವಲ್ಲ, ಅದಕ್ಕೇ ಸೊನ್ನೆ.'

ನೋಟ್‌ಬುಕ್ಕಿನಲ್ಲಿ ಹನ್ನೆರಡು ಸಾಲು ಬರೆದಿದ್ದ. ಅವನ್ನೇ ನೋಡಿದ. ಸಿಟ್ಟು ಎಂದಿನಂತೆ ಸಿದ್ಧವಾಗಿ ಬಂದು ನಿಂತಿತು. 'ಎರಡು ಗಂಟೆ ನಾಟಕ ಮಾಡಿದ್ಯಾ? ನಿದ್ದೆ ಬರದಿದ್ರೆ ಬಾಯಿಬಿಟ್ಟು ಹೇಳೋಕೆ ಏನು ಧಾಡಿ? ನಾನಿಲ್ಲಿ ಫ್ಯಾನೂ ಇಲ್ಲದೆ ಬೇಯ್ತಾ ಕೂತಿದೀನಿ.'

'ನೀವು ಅಷ್ಟು ಕಷ್ಟಪಟ್ಟು ಮಾಡಿದೀರ. ಪ್ರಯತ್ನ ಮಾಡ್ದೆ. ಬರ್ಲಿಲ್ಲ.' ಅವಳು ಅಳುತ್ತಿರಲಿಲ್ಲ, ದೂರುತ್ತಲೂ ಇರಲಿಲ್ಲ. ಲೈಬ್ರರಿಗೆ ಬಂದವರಿಗೆ ಆ ಪುಸ್ತಕ ಇಲ್ಲ ಎಂದು ಹೇಳುವ ದನಿ. 'ಇಲ್ಲಿ ಕಣ್ಣು ಮುಚ್ಚಿದ್ರೆ ನೀವು ಕೇಳಿಸ್ಕೊಳ್ತಾ ಇದೀರ ಅನ್ಸುತ್ತೆ. ಅಮ್ಮನ ಹುಟ್ಟುಹಬ್ಬ ಆಯ್ತಲ್ಲ, ಆವತ್ತಿಂದ ನೀವು ಮಲಗಿದ ಮೇಲೇನೇ ನಾನು ಮಲಗ್ತಾ ಇದ್ದದ್ದು. ಪುಸ್ತಕ ಓದ್ತಾ ಕೂತಿರ್ತಿದ್ನಲ್ಲ, ಲೈಟು ಆರಿಸು ಅಂತ ಬೈತಿದ್ರಿ.'

'ನಾನು ಹಾಲ್‌ನಲ್ಲಿ ಮಲಗ್ತೀನಿ' ಎಂದ ಅವನು.

'ಹಾಲ್ ಎಷ್ಟು ಮಹಾ ದೂರ? ಅಲ್ಲಿಗೂ ಕೇಳ್ಸುತ್ತೆ.'

ಹೇಳಬೇಕೆಂದು ತಿದ್ದಿ ತೀಡಿ ಇಟ್ಟುಕೊಂಡಿದ್ದ ವಾಕ್ಯ ಬಾಯಿಗೆ ಬರಲಿಲ್ಲ. ಈಗ ಅದನ್ನು ಹೇಳಿದರೆ ಇವಳನ್ನು ಉಳಿಸಿಕೊಳ್ಳಲು ಹೇಳಿದಂತಾಗುತ್ತದೆ. ಹೇಳದಿದ್ದರೆ ಇಷ್ಟು ವರ್ಷ ಹೇಳದೆ ಇದ್ದದ್ದಕ್ಕೆ ಇನ್ನೊಂದು ದಿನ ಸೇರುತ್ತದೆ. ಯಾರನ್ನಾದರೂ ಹೀನಾಯವಾಗಿ ಕಾಣಲು ಅವನು ಸುತ್ತ ಹುಡುಕಿದ. ಷಡ್ಡಕ, ಅಂಗಡಿಯವನು, ಡಾಕ್ಟರು, ಎಲ್ಲರೂ ತಂತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ಕೋಣೆಯಲ್ಲಿ ಇನ್ನುಳಿದದ್ದು ತಾನೊಬ್ಬ. ಅಲ್ಲಿಗೇ ಆ ತಿರಸ್ಕಾರ ಹೋಗಿ ಕೂತಿತು, ತನ್ನ ಮನೆ ಸೇರಿದ ಹಾಗೆ.

'ಒಂದು ಕೇಳ್ಲಾ?' ಎಂದಳು ಅವಳು. 'ಅಲ್ಲಿ ಜನರೇಟರು ಶುರುವಾಗೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಅಷ್ಟರೊಳಗೆ ಮಿಷನ್ ನಿಂತು, ಮಾಸ್ಕಿನೊಳಗೆ ಉಸಿರು ಕಟ್ಟಿ ಎದ್ದು ಕೂರ್ತೀನಿ. ಅವರಿಗೆ ಹೇಳಿಲ್ಲ, ಬೇಜಾರು ಮಾಡ್ಕೋತಾರೆ ಅಂತ. ಇದನ್ನ ಅಲ್ಲಿಗೆ ತಗೊಂಡು ಹೋಗ್ಲಾ? ತುಂಬ ಚೆನ್ನಾಗಿ ಮಾಡಿದೀರ.'

ಅವನು ಬೇಡ ಎನ್ನಬಹುದಿತ್ತು. ವೈರುಗಳನ್ನು ಒಂದೊಂದಾಗಿ ಬಿಚ್ಚಿ, ಸುತ್ತಿ, ಪೆಟ್ಟಿಗೆಯೊಳಗೆ ಇಟ್ಟ. ಯಾವುದು ಎಲ್ಲಿಗೆ ಎಂದು ಅಂಟುಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ. ಅವಳು ಟ್ಯಾಕ್ಸಿಗೆ ಹೇಳಿದಳು. ಮೂರು ಮಹಡಿ ಅವನೇ ಪೆಟ್ಟಿಗೆ ಹೊತ್ತು ಇಳಿಸಿದ. ಪ್ರತಿ ತಿರುವಿನಲ್ಲಿ ಅವಳು ಕೈ ಚಾಚಿ 'ನಾನೂ ಹಿಡೀಲಾ' ಎಂದಳು, ಅವನು ತಲೆಯಾಡಿಸಿದ. ಕಾವಲುಗಾರ ಓಡಿ ಬಂದು ಟ್ಯಾಕ್ಸಿಯ ಬಾಗಿಲು ತೆರೆದ. ಸೀಟಿನ ಮೇಲೆ ಇಡುವಾಗ ಚಾಲಕ, 'ಏನ್ ಸಾರ್ ಇದು, ಇಷ್ಟು ಭಾರ?' ಎಂದ.

'ಬ್ಯಾಟರಿ' ಎಂದಳು ಅವಳು ಒಳಗಿನಿಂದ. 'ನಮ್ಮನೆಯವರೇ ಮಾಡಿದ್ದು.'

ಗೇಟಿನ ಮುಂದೆ ತಂತಿ ಹೂಳುವವರು ಮಣ್ಣು ಅಗೆದು ಹಾಕಿದ್ದರು. ಒಂದು ಲಾರಿ ಹಿಂದೆ ಸರಿಯುವವರೆಗೆ ಟ್ಯಾಕ್ಸಿ ನಿಲ್ಲಬೇಕಾಯಿತು. ಅವನು ಪಕ್ಕದಲ್ಲೇ ನಿಂತಿದ್ದ. ಚಾರ್ಜರಿನ ಹಸಿರು ದೀಪದ ಬಗ್ಗೆ ಇನ್ನೊಂದು ಮಾತು ಹೇಳೋಣವೆಂದು ಬಗ್ಗಿದಾಗ ಅವಳ ತಲೆ ಪೆಟ್ಟಿಗೆಯ ಮೇಲೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಕಾರು ಹತ್ತಿ ಐದು ನಿಮಿಷ ಆಗಿರಲಿಲ್ಲ, ಗುರುತು ಪರಿಚಯ ಇಲ್ಲದವನ ಬೆನ್ನ ಹಿಂದೆ ಅವಳಿಗೆ ನಿದ್ದೆ ಬಂದುಬಿಟ್ಟಿತ್ತು. ಮೊದಲ ಗೊರಕೆ ಹೊರಟಿತು. ಚಾಲಕ ಕನ್ನಡಿಯಲ್ಲಿ ಹಿಂದೆ ನೋಡಿ, ಇವನತ್ತ ತಿರುಗಿ, ಗಂಡಸರಿಬ್ಬರಿಗೆ ಗೊತ್ತಿರುವ ತಮಾಷೆ ಎಂಬಂತೆ ಹಲ್ಲು ಬಿಟ್ಟ. ಆ ನಗು ಅವನಿಗೆ ಚೆನ್ನಾಗಿ ಪರಿಚಯವಿತ್ತು. ಅದಕ್ಕೆ ಬೈಯುವ ಯೋಗ್ಯತೆ ತನಗೆಲ್ಲಿತ್ತು.

'ಎಷ್ಟು ದೂರ ಇದೆ, ಅರ್ಧ ಗಂಟೆನಾ?' ಎಂದ.

'ಅಷ್ಟೇ ಸಾರ್. ಅಮ್ಮ ಮಲಗ್ಲಿ ಬಿಡಿ, ನನಗೇನೂ ತೊಂದ್ರೆ ಇಲ್ಲ ಈ ಸದ್ದಿಂದ.'

'ಸದ್ದು ಬಂದ್ರೆ ಇರ್ಲಿ. ಕೇಳಿಸ್ಕೊಂಡಿರಪ್ಪ. ಸದ್ದು ನಿಂತ್ರೆ ಎಬ್ಬಿಸು.'

ಚಾಲಕನ ನಗು ಅರ್ಧಕ್ಕೆ ನಿಂತಿತು. 'ನಿಂತ್ರಾ ಸಾರ್?'

'ನಿಂತ್ರೆ' ಎಂದ ಅವನು. 'ಹತ್ತು ಎಣಿಸ್ಬೇಡ. ತಕ್ಷಣ ಎಬ್ಬಿಸು.'

ಲಾರಿ ಸರಿಯಿತು. ಚಾಲಕ ರೇಡಿಯೋ ಆರಿಸಿ, ಕಿಟಕಿಯ ಗಾಜು ಏರಿಸಿಕೊಂಡು, ಮಣ್ಣಿನ ದಿಣ್ಣೆಯ ಮೇಲೆ ಗಾಡಿಯನ್ನು ಮೆಲ್ಲಗೆ ಹತ್ತಿಸಿ ಇಳಿಸಿದ.